ಐದಡಿ ಆರಿಂಚಿನ ಗೆರೆ: ಬೆಂಕಿ ಆರಿಸೋಕೆ ಎಷ್ಟು ಎತ್ತರ ಬೇಕು?

"ಅಣ್ಣಾ, ನಾನು 166 ಇದೀನಿ. ಫೈರ್‌ಗೆ ಅಪ್ಲಿಕೇಶನ್ ಹಾಕಬಹುದಾ?"

ಅರಕಲಗೂಡು ಕಡೆಯ ಒಬ್ಬ ಹುಡುಗ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಬೆಳಿಗ್ಗೆ ಎದ್ದು ಕೆರೆ ಏರಿ ಮೇಲೆ ಓಡುತ್ತಾನೆ, ತೋಟದಲ್ಲಿ ದುಡಿಯುತ್ತಾನೆ, ಗೊಬ್ಬರದ ಮೂಟೆ ಹೊತ್ತು ಏಣಿ ಹತ್ತುತ್ತಾನೆ. ಅವನಿಗೆ ಕಡಿಮೆ ಬಿದ್ದಿರುವುದು ಎರಡೇ ಸೆಂಟಿಮೀಟರ್. ಒಂದು ಬೆರಳಿನ ಅಗಲ.

ನಮ್ಮ ರಾಜ್ಯದ ಅಗ್ನಿಶಾಮಕ ಇಲಾಖೆ 2020ರಲ್ಲಿ 1,500ಕ್ಕೂ ಹೆಚ್ಚು ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ ಎತ್ತರ 168 ಸೆಂಟಿಮೀಟರ್. ಪೊಲೀಸ್ ಕಾನ್‌ಸ್ಟೆಬಲ್ ಆಗುವ ಗಂಡಸರಿಗೂ ಅದೇ 168. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನ ಹುಡುಗರು ಡಿಗ್ರಿ ಓದುವಾಗಲೇ ಈ ಅಂಕಿಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆದರೆ ಈ 168 ಎಲ್ಲಿಂದ ಬಂತು? ಯಾರು ಅಳೆದರು? 167 ಇದ್ದವನು ಹಿಡಿದ ಪೈಪಿನಿಂದ ನೀರು ಬರುವುದಿಲ್ಲವೇ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ಸುಮಾರು ಇನ್ನೂರು ವರ್ಷದ ಕಥೆ ಸಿಗುತ್ತದೆ.

ಮೊದಲು ಬಂದವರು ಮಾಡು ಹತ್ತುವವರು

ಹಿಂದೆ ನಮ್ಮ ಊರುಗಳಲ್ಲಿ ಗುಡಿಸಲಿಗೋ ಹುಲ್ಲಿನ ಮೆದೆಗೋ ಬೆಂಕಿ ಬಿದ್ದರೆ ಯಾರನ್ನು ಕೂಗುತ್ತಿದ್ದರು? ಹೆಂಗಸರು ಮಕ್ಕಳು ಬಿಂದಿಗೆ ಹಿಡಿದು ಸಾಲು ನಿಲ್ಲುತ್ತಿದ್ದರು. ದೋಟಿ ಹಿಡಿದು ಉರಿಯುವ ಗರಿ ಎಳೆಯುವುದಕ್ಕೆ, ಪಕ್ಕದ ಮನೆಯ ಮಾಡು ಹತ್ತಿ ಒದ್ದೆ ಗೋಣಿಚೀಲ ಹೊದಿಸುವುದಕ್ಕೆ ಮಾತ್ರ ತೆಂಗಿನಮರ ಹತ್ತಿ ಅಭ್ಯಾಸ ಇದ್ದವರೇ ಬೇಕಿತ್ತು. ಮರ ಹತ್ತುವವನ ಎತ್ತರವನ್ನು ಯಾರೂ ಕೇಳುತ್ತಿರಲಿಲ್ಲ. ಕೈಕಾಲಿನ ಹಿಡಿತ, ಎದೆಯ ಧೈರ್ಯ ಇಷ್ಟೇ ನೋಡುತ್ತಿದ್ದರು.

ಸ್ಕಾಟ್‌ಲೆಂಡಿನ ಎಡಿನ್‌ಬರೋ ಊರಿನಲ್ಲೂ ಹೀಗೇ ಶುರುವಾಯಿತು. 1824ರಲ್ಲಿ ಅಲ್ಲಿಯ ಅಗ್ನಿಶಾಮಕ ದಳಕ್ಕೆ ಮುಖ್ಯಸ್ಥನಾದವನು ಜೇಮ್ಸ್ ಬ್ರೇಡ್‌ವುಡ್. ಆಗ ಅವನಿಗೆ 24 ವರ್ಷ. ಅದೇ ವರ್ಷದ ನವೆಂಬರ್‌ನಲ್ಲಿ ಆ ಊರಿಗೆ ದೊಡ್ಡ ಬೆಂಕಿ ಬಿತ್ತು. ಬ್ರೇಡ್‌ವುಡ್ ಆರಿಸಿಕೊಂಡದ್ದು ಮಾಡಿಗೆ ಕಲ್ಲುಹಂಚು ಹೊದಿಸುವವರನ್ನು, ಬಡಗಿಗಳನ್ನು, ಗಾರೆ ಕೆಲಸದವರನ್ನು, ಕಮ್ಮಾರರನ್ನು. ಮನೆ ಕಟ್ಟುವವನಿಗೆ ಯಾವ ತೊಲೆ ಮೊದಲು ಬೀಳುತ್ತದೆ, ಯಾವ ಗೋಡೆ ನಿಲ್ಲುತ್ತದೆ ಎಂದು ಗೊತ್ತಿರುತ್ತದೆ ಎನ್ನುವುದು ಅವನ ಲೆಕ್ಕ. ಅವನು ಆಳಿನ ಕೆಲಸವನ್ನು ನೋಡಿದ, ಎತ್ತರವನ್ನಲ್ಲ.

ಮುಂದೆ ಬ್ರೇಡ್‌ವುಡ್ ಲಂಡನ್ನಿಗೆ ಹೋಗಿ 1833ರಲ್ಲಿ ಅಲ್ಲಿಯ ದಳದ ಮುಖ್ಯಸ್ಥನಾದ. 1861ರಲ್ಲಿ ಟೂಲಿ ಸ್ಟ್ರೀಟಿನ ಗೋದಾಮುಗಳ ಬೆಂಕಿಯಲ್ಲಿ ಗೋಡೆ ಕುಸಿದು ಸತ್ತ. ಆಮೇಲೆ ಬಂದವನು ಮ್ಯಾಸೀ ಶಾ. ನಮ್ಮ ಹುಡುಗರ ಕಾಲಿಗೆ ತೊಡರುವ ಆ ಗೆರೆಯ ಮೊದಲ ರೂಪ ಕಾಣುವುದು ಇವನ ಕಾಲದಲ್ಲಿ.

ಹಡಗಿನವರು ಮತ್ತು ಐದಡಿ ಐದಿಂಚು

ಶಾ ಹಡಗಿನಲ್ಲಿ ದುಡಿದವರನ್ನೇ ಸೇರಿಸಿಕೊಂಡ. ಹಗ್ಗ ಕಟ್ಟಲು ಬರುತ್ತದೆ, ಎತ್ತರದಲ್ಲಿ ತಲೆ ತಿರುಗುವುದಿಲ್ಲ, ರಾತ್ರಿ ಪಾಳಿ ಅಭ್ಯಾಸ ಇದೆ, ಹೇಳಿದ ಮಾತು ಕೇಳುತ್ತಾರೆ ಎಂದು. 1870ರ ದಶಕದ ಅವನ ನಿಯಮ ಹೀಗಿತ್ತು: ವಯಸ್ಸು 25ರೊಳಗೆ, ಎದೆ ಸುತ್ತಳತೆ 37 ಇಂಚಿಗೆ ಕಡಿಮೆ ಇರಬಾರದು, ಓದು ಬರಹ ಬರಬೇಕು. ಎತ್ತರದ ವಿಷಯಕ್ಕೆ ಬಂದರೆ ಐದಡಿ ಐದಿಂಚು ಇದ್ದವರಿಗೆ ಸಾಮಾನ್ಯವಾಗಿ ಆದ್ಯತೆ.

ಗಮನಿಸಿ. ಎದೆ ಇಷ್ಟು ಇರಲೇಬೇಕು, ಎತ್ತರ ಇಷ್ಟಿದ್ದರೆ ಒಳ್ಳೆಯದು. ಇದರ ಜೊತೆಗೆ ಅವನು ಒಂದು ಕೆಲಸದ ಪರೀಕ್ಷೆಯನ್ನೂ ಇಟ್ಟಿದ್ದ. ಗಾಲಿಯ ಮೇಲಿನ ದೊಡ್ಡ ಏಣಿಯನ್ನು ಅಭ್ಯರ್ಥಿ ಹಗ್ಗ ಎಳೆದು ಒಬ್ಬನೇ ಎತ್ತಿ ನಿಲ್ಲಿಸಬೇಕು. ಎತ್ತಿದರೆ ಪಾಸ್.

ಎದೆಗೆ ಅಷ್ಟು ಬೆಲೆ ಯಾಕೆ ಎಂದರೆ ಆಗ ಈಗಿನಂತೆ ಉಸಿರಾಟದ ಸಿಲಿಂಡರ್ ಬೆನ್ನಿಗೆ ಇರಲಿಲ್ಲ. ಬಹಳ ಪಂಪುಗಳನ್ನು ಕೈಯಿಂದಲೇ ಒತ್ತಬೇಕಿತ್ತು. ಒಂದು ಪಂಪಿಗೆ ಇಪ್ಪತ್ತು ಮೂವತ್ತು ಜನ ಬೇಕು. ದಾರಿಹೋಕರನ್ನು ಕರೆದು, ದುಡ್ಡು ಮತ್ತು ಬಿಯರ್ ಕೊಟ್ಟು ಒತ್ತಿಸುತ್ತಿದ್ದರು. ಅಂಥ ಕಾಲದಲ್ಲಿ ದೊಡ್ಡ ಎದೆ ಎಂದರೆ ದೊಡ್ಡ ಉಸಿರು ಎಂದು ಭಾವಿಸಿದರು.

ಈಗ ಐದಡಿ ಐದಿಂಚನ್ನು ಸೆಂಟಿಮೀಟರಿಗೆ ತಿರುಗಿಸಿ. 165. ಭಾರತದ ರಕ್ಷಣಾ ಇಲಾಖೆಯ ಕಾರ್ಖಾನೆ, ಡಿಪೋಗಳಿಗೆ ಫೈರ್‌ಮನ್ ತೆಗೆದುಕೊಳ್ಳುವಾಗ ಕೇಳುವ ಎತ್ತರವೂ 165. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿಗೆ ಸೇರುವ ಗಂಡು ಹುಡುಗರಿಗೆ ಕೇಳುವುದೂ 165.

ಆ ರಕ್ಷಣಾ ಇಲಾಖೆಯ ಪರೀಕ್ಷೆಯ ಬೇರೆ ಅಂಕಿಗಳನ್ನೂ ನೋಡಿ. 63.5 ಕೆ.ಜಿ. ತೂಕದ ಮನುಷ್ಯನನ್ನು ಹೆಗಲ ಮೇಲೆ ಹೊತ್ತು 183 ಮೀಟರ್ ದೂರವನ್ನು 96 ಸೆಕೆಂಡಿನಲ್ಲಿ ಮುಟ್ಟಬೇಕು. 2.7 ಮೀಟರ್ ಹಳ್ಳ ಹಾರಬೇಕು. 3 ಮೀಟರ್ ಹಗ್ಗ ಹತ್ತಬೇಕು. ಇದೇನು 63.5, 183 ಎಂದು ವಿಚಿತ್ರ ಲೆಕ್ಕ? ಹಳೆಯ ಅಳತೆಗೆ ತಿರುಗಿಸಿದರೆ ಗುಟ್ಟು ಬಿಚ್ಚುತ್ತದೆ. 63.5 ಕೆ.ಜಿ. ಎಂದರೆ 140 ಪೌಂಡು. 183 ಮೀಟರ್ ಎಂದರೆ 200 ಗಜ. 2.7 ಮೀಟರ್ ಎಂದರೆ ಒಂಬತ್ತು ಅಡಿ, 3 ಮೀಟರ್ ಎಂದರೆ ಹತ್ತಡಿ. ಬುಡಕಟ್ಟು ಅಭ್ಯರ್ಥಿಗಳಿಗೆ ಕೊಡುವ 2.5 ಸೆಂಟಿಮೀಟರ್ ರಿಯಾಯಿತಿ ಎಂದರೆ ಒಂದು ಇಂಚು. ನಮ್ಮ ರಾಜ್ಯದ 168 ಎಂದರೆ ಐದಡಿ ಆರಿಂಚು.

1956ರ ಕಾಯ್ದೆಯ ನಂತರ ನಮ್ಮ ದೇಶ ಅಡಿ, ಪೌಂಡು ಬಿಟ್ಟು ಮೀಟರ್, ಕಿಲೋಗೆ ಬಂತು. ನಮ್ಮ ರಾಜ್ಯ ಇನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದಾಗ, 1964ರಲ್ಲಿ, ಅಗ್ನಿಶಾಮಕ ದಳಕ್ಕೆ ಪ್ರತ್ಯೇಕ ಕಾಯ್ದೆ ಬಂತು. ಅಳತೆಪಟ್ಟಿ ಬದಲಾಯಿತು. ಗೆರೆ ಮಾತ್ರ ಇದ್ದಲ್ಲೇ ಇದೆ. ಇವತ್ತು ಮೈದಾನದಲ್ಲಿ ಎತ್ತರದ ಕೋಲಿನ ಕೆಳಗೆ ನಿಲ್ಲುವ ಹುಡುಗ ಇಂಚಿನ ಕಾಲದ ಗೆರೆಯ ಕೆಳಗೆ ನಿಂತಿರುತ್ತಾನೆ.

ಗೆರೆ ಏರುತ್ತದೆ, ಇಳಿಯುತ್ತದೆ

ಎತ್ತರದ ಗೆರೆ ಕೆಲಸಕ್ಕೆ ಬೇಕಾದಷ್ಟೇ ಇರುತ್ತದೆ ಎಂದು ನಾವು ನಂಬಿದ್ದೇವೆ. 1914ರ ಬ್ರಿಟಿಷ್ ಸೈನ್ಯದ ಕಥೆ ಬೇರೆಯೇ ಹೇಳುತ್ತದೆ.

ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಸೈನಿಕನಿಗೆ ಬೇಕಿದ್ದ ಎತ್ತರ ಐದಡಿ ಮೂರಿಂಚು. ಸೇರುವವರು ಸಾಲುಗಟ್ಟಿ ಬಂದರು. ಬಟ್ಟೆ ಇಲ್ಲ, ಬಂದೂಕಿಲ್ಲ, ಮಲಗಲು ಜಾಗ ಇಲ್ಲ. ಸೆಪ್ಟೆಂಬರ್‌ನಲ್ಲಿ ಗೆರೆಯನ್ನು ಒಮ್ಮೆಲೇ ಐದಡಿ ಆರಿಂಚಿಗೆ ಏರಿಸಿದರು. ಸಾಲು ಕರಗಿತು. ಅಕ್ಟೋಬರ್‌ನಲ್ಲಿ ಜನ ಸಾಲದೆ ಬಂದಾಗ ಐದಡಿ ನಾಲ್ಕಕ್ಕೆ ಇಳಿಸಿದರು. ನವೆಂಬರ್‌ನಲ್ಲಿ ಮತ್ತೆ ಐದಡಿ ಮೂರು. ಮೂರು ತಿಂಗಳಲ್ಲಿ ಯುದ್ಧ ಬದಲಾಗಲಿಲ್ಲ, ಬಂದೂಕಿನ ತೂಕವೂ ಬದಲಾಗಲಿಲ್ಲ. ಬದಲಾದದ್ದು ಬಾಗಿಲ ಮುಂದಿನ ಸಾಲಿನ ಉದ್ದ.

ಅಷ್ಟರಲ್ಲಿ ಬರ್ಕನ್‌ಹೆಡ್ ಊರಿನ ಸಂಸದ ಆಲ್ಫ್ರೆಡ್ ಬಿಗ್‌ಲ್ಯಾಂಡ್ ಅನುಮತಿ ಪಡೆದು ಐದಡಿಯಿಂದ ಐದಡಿ ಮೂರಿಂಚಿನವರಿಗೇ ಬೇರೆ ದಳ ಕಟ್ಟಿದ. ಬ್ಯಾಂಟಮ್ ದಳ ಎಂದು ಅದಕ್ಕೆ ಹೆಸರು. ಬ್ಯಾಂಟಮ್ ಎಂದರೆ ಗಿಡ್ಡ ಜಾತಿಯ ಕೋಳಿ, ಆದರೆ ಜಗಳಕ್ಕೆ ಬಿದ್ದರೆ ಬಿಡದ ಹುಂಜ. ಅದಕ್ಕೆ ಸೇರಿದವರಲ್ಲಿ ಬಹಳ ಜನ ಗಣಿ ಕೆಲಸದವರು. ನೆಲದೊಳಗೆ ಬಗ್ಗಿ ದುಡಿದು ಗಟ್ಟಿಯಾದ ಮೈ.

ನಮ್ಮ ದೇಶದ ಸೈನ್ಯದಲ್ಲೂ ಒಂದೇ ಗೆರೆ ಇಲ್ಲ. ಸಾಮಾನ್ಯ ಸೈನಿಕನಾಗಲು ಪಂಜಾಬ್, ಹರಿಯಾಣದವರಿಗೆ 170, ಕರ್ನಾಟಕದವರಿಗೆ 166, ಗೂರ್ಖಾಗಳಿಗೆ 157. ಗೂರ್ಖಾ ಸೈನಿಕ ಯಾರಿಗಿಂತ ಕಡಿಮೆ ಎಂದು ಇದುವರೆಗೆ ಯಾರೂ ಹೇಳಿದ್ದು ಕೇಳಿಲ್ಲ. ನಮ್ಮ ಹಿರಿಯರು ಇದನ್ನೇ ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದರು.

ಅಂದರೆ ಹತ್ತು ಹುದ್ದೆಗೆ ಸಾವಿರ ಜನ ಬಂದಾಗ ಗೆರೆ ಒಂದು ಜರಡಿ. ಜರಡಿ ಹಿಡಿಯುವವನಿಗೆ ಕೆಲಸ ಹಗುರ. ಕೋಲು ತೋರಿಸಿದರೆ ವಾದ ಇಲ್ಲ, ವಶೀಲಿ ಬಾಜಿಗೂ ಜಾಗ ಕಡಿಮೆ. ಎತ್ತರದ ಅಳತೆ ಉಳಿದುಕೊಂಡು ಬಂದಿರುವುದಕ್ಕೆ ಇದೂ ಒಂದು ಕಾರಣ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಬೆಂಕಿಯ ಹತ್ತಿರ ಹೋಗಿ ನೋಡೋಣ

ಹಾಗಾದರೆ ಎತ್ತರದಿಂದ ಉಪಯೋಗ ಏನೂ ಇಲ್ಲವೇ? ಇದೆ. ಗಾಡಿಯ ಮೇಲೆ ಕಟ್ಟಿದ ಏಣಿ ಇಳಿಸಲು ಕೈ ಎಟುಕಬೇಕು. ಉದ್ದ ಏಣಿಯನ್ನು ಹೆಗಲ ಮೇಲೆ ಹೊತ್ತು ನಡೆಯುವಾಗ ಹಿಂದೆ ಮುಂದಿನವರ ಹೆಗಲು ಹೆಚ್ಚು ಕಡಿಮೆ ಒಂದೇ ಮಟ್ಟಕ್ಕಿದ್ದರೆ ಅನುಕೂಲ. ಉದ್ದ ಕಾಲು ಇದ್ದವನು ದೊಡ್ಡ ಹೆಜ್ಜೆ ಹಾಕುತ್ತಾನೆ.

ಆದರೆ ಉರಿಯುವ ಮನೆಯ ಒಳಗೆ ಲೆಕ್ಕವೇ ಬೇರೆ. ಬಿಸಿಯೂ ಹೊಗೆಯೂ ಮೇಲಕ್ಕೆ ಏರುತ್ತವೆ. ಮೇಲ್ಛಾವಣಿಯ ಹತ್ತಿರ ನಿಂತರೆ ಮುಖ ಸುಡುತ್ತದೆ, ಕಣ್ಣು ಕಾಣುವುದಿಲ್ಲ. ನೆಲದ ಹತ್ತಿರ ಒಂದಿಷ್ಟು ಗಾಳಿ ಉಳಿದಿರುತ್ತದೆ. ಅದಕ್ಕೇ ಒಳಗೆ ಹೋಗುವವರು ಬಗ್ಗಿ, ಅಂಬೆಗಾಲಿನಲ್ಲಿ, ಒಂದು ಕೈಯಲ್ಲಿ ಗೋಡೆ ಮುಟ್ಟುತ್ತಾ ಹೋಗುತ್ತಾರೆ. ಅಲ್ಲಿ ಆರಡಿಯವನೂ ಒಂದೇ, ಐದಡಿಯವನೂ ಒಂದೇ.

ನೀರಿನ ಪೈಪನ್ನು ತೆಗೆದುಕೊಳ್ಳಿ. 63 ಮಿಲಿಮೀಟರ್ ಅಗಲ, 15 ಮೀಟರ್ ಉದ್ದದ ಒಂದು ಪೈಪಿನಲ್ಲಿ ನೀರು ತುಂಬಿದರೆ ನೀರಿನ ತೂಕವೇ ಸುಮಾರು 47 ಕೆ.ಜಿ. ಹತ್ತಿರ ಹತ್ತಿರ ಒಂದು ಮೂಟೆ ಅಕ್ಕಿ. ಅದು ನೆಲದ ಮೇಲೆ ಎಳೆಯುವ ತೂಕ. ಕಾಲೂರಿ, ಸೊಂಟ ತಗ್ಗಿಸಿ ಎಳೆಯಬೇಕು. ಬೇಕಾಗಿರುವುದು ತೊಡೆಯ ಬಲ, ಬೆನ್ನಿನ ಬಲ, ಜೊತೆಗಾರನ ಮೇಲೆ ನಂಬಿಕೆ.

ನಮ್ಮ ಕಡೆಯ ಕರೆಗಳು ಎಂಥವು ಎಂದು ನಿಮಗೇ ಗೊತ್ತು. ಬೇಸಿಗೆಯಲ್ಲಿ ರಾಗಿ ಹುಲ್ಲಿನ ಮೆದೆ. ರಸ್ತೆ ಮೇಲೆ ಒಕ್ಕಣೆಗೆ ಹಾಕಿದ ಹುರುಳಿ ಕಾರಿನ ಅಡಿಗೆ ಸುತ್ತಿಕೊಂಡು ಹತ್ತುವ ಬೆಂಕಿ. ಹುಲ್ಲು ತುಂಬಿದ ಲಾರಿ ಕರೆಂಟ್ ತಂತಿಗೆ ತಗುಲುವುದು. ಅರಕಲಗೂಡು, ರಾಮನಾಥಪುರ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನೊಳಗೆ ಒಣಗಿದ ಎಲೆ ಕಾದ ಪೈಪಿನ ಮೇಲೆ ಉದುರಿ ಹತ್ತಿಕೊಳ್ಳುವ ಬೆಂಕಿ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಒಣಗರಿ. ಹೊಳೆನರಸೀಪುರದಲ್ಲಿ ಹೇಮಾವತಿ ಹೊಳೆಗೆ, ನಾಲೆಗೆ ಇಳಿದು ಮೇಲೆ ಬಾರದವರ ಹುಡುಕಾಟ. ಬಾವಿಗೆ ಬಿದ್ದ ಹಸು. ಹಳೆ ಬಾವಿಗೆ ಹಗ್ಗ ಕಟ್ಟಿಕೊಂಡು ಇಳಿಯುವಾಗ ಸಣ್ಣ ಮೈಯವನಿಗೇ ಅನುಕೂಲ ಜಾಸ್ತಿ.

ಇನ್ನು ಎತ್ತರದ ಕಟ್ಟಡ. ಎತ್ತರ ಎಂದರೆ ನಮ್ಮ ಜಿಲ್ಲೆಗೆ ಶ್ರವಣಬೆಳಗೊಳದ ಗೊಮ್ಮಟ, 58 ಅಡಿ. ಅವನ ತಲೆಗೆ ಅಭಿಷೇಕ ಮಾಡಬೇಕಾದರೆ ಅಟ್ಟಣಿಗೆ ಕಟ್ಟಿ ಹತ್ತುತ್ತಾರೆ. ಬೆಂಗಳೂರಿನ ಅಗ್ನಿಶಾಮಕದವರ ಬಳಿ 90 ಮೀಟರ್ ಮೇಲೆ ಹೋಗುವ ಏಣಿ ಗಾಡಿ ಇದೆ. ಅಷ್ಟು ಎತ್ತರಕ್ಕೆ ಎಟುಕಬೇಕಾದದ್ದು ಏಣಿ. ಅದರ ಮೇಲೆ ನಿಂತವನ ಎರಡು ಸೆಂಟಿಮೀಟರ್ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಬೇರೆ ದೇಶಗಳು ಗೆರೆ ಅಳಿಸಿದ ಬಗೆ

ಬ್ರಿಟನ್ನಿನಲ್ಲೂ ಬಹಳ ಕಾಲ ಐದಡಿ ಆರಿಂಚಿನ ಗೆರೆಯೇ ಇತ್ತು, ನಮ್ಮ 168. 1990ರ ದಶಕದ ಕೊನೆಯಲ್ಲಿ ಅದನ್ನು ತೆಗೆದರು. ಬದಲಿಗೆ ಕೆಲಸವನ್ನೇ ಪರೀಕ್ಷೆ ಮಾಡಿದರು. ಏಣಿ ಹತ್ತು, ಏಣಿ ಎತ್ತು, ಮನುಷ್ಯನ ತೂಕದ ಬೊಂಬೆ ಎಳೆ, ಸಾಮಾನು ಹೊತ್ತು ನಡೆ, ಯಂತ್ರ ಬಿಚ್ಚಿ ಜೋಡಿಸು, ಕಣ್ಣು ಕಾಣದಂತೆ ಮುಖವಾಡ ಹಾಕಿಕೊಂಡು ಇಕ್ಕಟ್ಟಿನ ಜಾಗದಲ್ಲಿ ತೆವಳು. ಮಾಡಿದವರು ಒಳಗೆ, ಆಗದವರು ಹೊರಗೆ. ಒಂದು ರೀತಿಯಲ್ಲಿ ಮ್ಯಾಸೀ ಶಾನ ಏಣಿ ಪರೀಕ್ಷೆಗೇ ವಾಪಸ್ ಹೋದಂತೆ.

ಕೆನಡಾದಲ್ಲಿ 1999ರಲ್ಲಿ ಇನ್ನೊಂದು ದೊಡ್ಡ ತೀರ್ಪು ಬಂತು. ಕಾಡಿನ ಬೆಂಕಿ ಆರಿಸುವ ಟಾನಿ ಮಿಯೊರಿನ್ ಎಂಬ ಮಹಿಳೆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಸರ್ಕಾರ ಹೊಸ ಓಟದ ಪರೀಕ್ಷೆ ತಂದಿತು, 2.5 ಕಿಲೋಮೀಟರ್ 11 ನಿಮಿಷದಲ್ಲಿ. ಅವರು 49.4 ಸೆಕೆಂಡ್ ತಡವಾದರು, ಕೆಲಸ ಹೋಯಿತು. ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಗೆರೆ ಹಾಕಬೇಡಿ ಎಂದು ಕೋರ್ಟ್ ಹೇಳಲಿಲ್ಲ. ಆ ಗೆರೆ ಇಲ್ಲದಿದ್ದರೆ ಕೆಲಸ ಸುರಕ್ಷಿತವಾಗಿ ನಡೆಯುವುದಿಲ್ಲ ಎಂದು ತೋರಿಸುವ ಹೊಣೆ ಕೆಲಸ ಕೊಡುವವನದು ಎಂದಿತು. 2017ರಲ್ಲಿ ಯೂರೋಪಿನ ನ್ಯಾಯಾಲಯವೂ ಗ್ರೀಸ್ ಪೊಲೀಸ್ ಶಾಲೆಯ 170 ಸೆಂಟಿಮೀಟರ್ ನಿಯಮದ ವಿಷಯದಲ್ಲಿ ಇದೇ ದಾರಿಯ ಮಾತು ಹೇಳಿತು. ಪೊಲೀಸರ ಎಲ್ಲ ಕೆಲಸಕ್ಕೂ ಎತ್ತರ ಬೇಕಿಲ್ಲ, ಬಲ ಬೇಕಾದ ಕಡೆ ಬಲವನ್ನೇ ಪರೀಕ್ಷಿಸಬಹುದು ಎಂದು.

ನಮ್ಮ ದೇಶದಲ್ಲೂ ಉತ್ತರ ಅರ್ಧ ಸಿಕ್ಕಿದೆ. 2002ರಲ್ಲಿ ನಾಗಪುರದ ಕಾಲೇಜಿಗೆ ಹರ್ಷಿಣಿ ಕಾನ್ಹೇಕರ್ ಸೇರಿ, ಭಾರತದ ಮೊದಲ ಮಹಿಳಾ ಅಗ್ನಿಶಾಮಕ ಎಂಜಿನಿಯರ್ ಆದರು. ಆ ಕಾಲೇಜು ಗಂಡಸರಿಗೆ 165, ಹೆಂಗಸರಿಗೆ 157 ಕೇಳುತ್ತದೆ. ಏಣಿ ಅದೇ, ಪೈಪು ಅದೇ, ಬೆಂಕಿ ಅದೇ. 157 ಇದ್ದ ಹೆಣ್ಣುಮಗಳು ಆ ಕೆಲಸ ಕಲಿಯಬಹುದು ಎಂದಾದರೆ 164 ಇದ್ದ ಹುಡುಗನಿಗೆ ಆಗುವುದಿಲ್ಲ ಎನ್ನಲು ಬೇರೆ ಕಾರಣ ಬೇಕಾಗುತ್ತದೆ.

ಎತ್ತರ ಅನ್ನೋದು ಊಟದ ಚರಿತ್ರೆ

ಈ ಕಥೆಯ ಮುಖ್ಯ ಭಾಗ ಇನ್ನೂ ಉಳಿದಿದೆ. ಜಗತ್ತಿನ 200 ದೇಶಗಳ ಜನರ ಎತ್ತರ ಲೆಕ್ಕ ಹಾಕಿ 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಂತೆ, 1996ರಲ್ಲಿ ಹುಟ್ಟಿದ ಭಾರತದ ಗಂಡಸಿನ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್. ಹೆಂಗಸಿನದು 152ರಿಂದ 153ರ ನಡುವೆ. ಅಂದರೆ 168ರ ಗೆರೆ ಎಳೆದ ಕ್ಷಣದಲ್ಲೇ, ಓಟಕ್ಕೆ ಮುಂಚೆಯೇ, ದೇಶದ ಅರ್ಧಕ್ಕಿಂತ ಹೆಚ್ಚು ಗಂಡಸರು ಹೊರಗೆ.

ಹೊರಗೆ ಉಳಿಯುವವರು ಯಾರು? ಅಪ್ಪ ಅಮ್ಮನ ಎತ್ತರ ಮಕ್ಕಳಿಗೆ ಬರುವುದು ನಿಜ. ಆದರೆ ಆ ಎತ್ತರ ಪೂರ್ತಿ ಬರಬೇಕಾದರೆ ಬಸುರಿಗೆ ಊಟ ಸಿಗಬೇಕು, ಹುಟ್ಟಿದ ಮಗುವಿಗೆ ಮೊದಲ ಎರಡು ಮೂರು ವರ್ಷ ಹಾಲು, ಕಾಳು, ಮೊಟ್ಟೆ ಸಿಗಬೇಕು, ಪದೇ ಪದೇ ಭೇದಿ ಆಗದಂಥ ನೀರು ಸಿಗಬೇಕು. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿತು. ಅಂಥ ಬರ ಈಗಿಲ್ಲ. ಆದರೂ 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಕರ್ನಾಟಕದ ಮಕ್ಕಳಲ್ಲಿ ಶೇ. 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು ಬಂದಿದೆ. ಮೂರರಲ್ಲಿ ಒಂದು ಮಗು.

ಈ ಮಕ್ಕಳು 2040ರ ಸುಮಾರಿಗೆ ಅದೇ ಕೋಲಿನ ಕೆಳಗೆ ನಿಲ್ಲುತ್ತಾರೆ. ಅವರು ಓಡುವುದನ್ನು, ಹೊರುವುದನ್ನು, ಹತ್ತುವುದನ್ನು ಕಲಿತಿರುತ್ತಾರೆ. ಎರಡನೇ ವಯಸ್ಸಿನಲ್ಲಿ ಸಿಗದ ಮೊಟ್ಟೆಯನ್ನು ಇಪ್ಪತ್ತನೇ ವಯಸ್ಸಿನಲ್ಲಿ ತಿಂದು ಎತ್ತರ ಆಗಲು ಬರುವುದಿಲ್ಲ. ಮಲೆನಾಡಿನ ಬುಡಕಟ್ಟು ಅಭ್ಯರ್ಥಿಗಳಿಗೆ ಪೊಲೀಸ್ ನೇಮಕಾತಿಯಲ್ಲಿ ಎತ್ತರ ಕಡಿಮೆ ಮಾಡಿರುವುದು ಈ ದೃಷ್ಟಿಯಿಂದ ನ್ಯಾಯವೇ. ಬಯಲು ಸೀಮೆಯ ಕೂಲಿಯವರ ಮಗನ ವಿಷಯದಲ್ಲೂ ಇದೇ ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ.

ಹಾಗಾದರೆ ಈಗ ಏನು ಮಾಡೋದು?

ನಿಯಮ ಬದಲಾಗುವವರೆಗೆ ನಿಯಮ ನಿಯಮವೇ. ಆದ್ದರಿಂದ ಫೋನ್ ಮಾಡಿದ ಹುಡುಗನಿಗೆ ನಾನು ಹೇಳಿದ್ದು ಇಷ್ಟು.

ಮೊದಲು ಸರಿಯಾಗಿ ಅಳೆಸಿಕೋ. ಬರಿಗಾಲಿನಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ನೇರ ಮುಂದೆ ನೋಡುತ್ತಾ. ಬೆಳಿಗ್ಗೆ ಎದ್ದಾಗ ಮನುಷ್ಯ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರುತ್ತಾನೆ, ಯಾಕೆಂದರೆ ದಿನವಿಡೀ ಓಡಾಡಿದರೆ ಬೆನ್ನುಮೂಳೆಯ ನಡುವಿನ ಮೆತ್ತೆ ಒತ್ತಿಕೊಳ್ಳುತ್ತದೆ. 167.5 ಇರುವವನಿಗೆ ಇದು ದೊಡ್ಡ ವಿಷಯ. ಪರೀಕ್ಷೆಯ ಹಿಂದಿನ ರಾತ್ರಿ ಬಸ್ಸಿನಲ್ಲಿ ಕುಳಿತು ಹೋಗಬೇಡ, ಮಲಗಿ ಎದ್ದು ಹೋಗು.

ಎರಡನೆಯದು, ಎತ್ತರ ಮಾಡುತ್ತೇವೆ ಎಂದು ಮೊಬೈಲಿನಲ್ಲಿ ಬರುವ ಪುಡಿ, ಮಾತ್ರೆ, ಎಣ್ಣೆಗೆ ಒಂದು ರೂಪಾಯಿಯನ್ನೂ ಹಾಕಬೇಡ. ಹದಿನೆಂಟು ಇಪ್ಪತ್ತರ ಹೊತ್ತಿಗೆ ಮೂಳೆಯ ತುದಿಯ ಬೆಳೆಯುವ ಜಾಗ ಮುಚ್ಚಿಕೊಳ್ಳುತ್ತದೆ. ಆಮೇಲೆ ಕಂಬಿಗೆ ನೇತಾಡಿದರೂ ಅಷ್ಟೇ, ಪುಡಿ ನುಂಗಿದರೂ ಅಷ್ಟೇ.

ಮೂರನೆಯದು, ಎಲ್ಲ ಕಡೆ 168 ಅಲ್ಲ. 165 ಕೇಳುವ ಕಡೆಗಳೂ ಇವೆ, ಸೈನ್ಯದಲ್ಲಿ ನಮಗೆ 166. ಪ್ರತಿ ನೇಮಕಾತಿಯ ಅಧಿಸೂಚನೆಯನ್ನು ನೀನೇ ಪೂರ್ತಿ ಓದು. ವಾಟ್ಸಾಪಿನಲ್ಲಿ ಬಂದ ಪಟ್ಟಿಯನ್ನು ನಂಬಿ ಅರ್ಜಿ ಬಿಡಬೇಡ.

ಪ್ರತಿ ವರ್ಷ ಏಪ್ರಿಲ್ 14ರಂದು ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಹುತಾತ್ಮರನ್ನು ನೆನೆಯುತ್ತಾರೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಮದ್ದುಗುಂಡು, ಹತ್ತಿ ತುಂಬಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು 66 ಜನ ಅಗ್ನಿಶಾಮಕದವರು ಸತ್ತರು. ಅವರನ್ನು ಅವರ ಕೆಲಸದಿಂದ ನೆನೆಯುತ್ತೇವೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೂ ಕೆಲಸವನ್ನೇ ಮೊದಲು ನೋಡಿದರೆ ಆ ನೆನಪಿಗೆ ಮರ್ಯಾದೆ. ಏಣಿ ಎತ್ತಿಸಿ, ಪೈಪು ಎಳೆಸಿ, 63.5 ಕೆ.ಜಿ. ಹೊರಿಸಿ, ಕತ್ತಲೆಯಲ್ಲಿ ತೆವಳಿಸಿ. ಅದರಲ್ಲಿ ಸೋತವನು ಮನೆಗೆ ಹೋಗಲಿ, ಬೇಸರ ಇಲ್ಲ. ಬೆರಳಗಲಕ್ಕೆ ಸೋತವನಿಗೆ ಮಾತ್ರ ಏನು ಉತ್ತರ ಹೇಳುವುದು?

ಆ ಹುಡುಗ ಈಗಲೂ ಕೆರೆ ಏರಿ ಮೇಲೆ ಓಡುತ್ತಿದ್ದಾನೆ. 165ರ ಒಂದು ಹುದ್ದೆಗೆ ಅರ್ಜಿ ಹಾಕಿದ್ದಾನೆ.